ದಿನಕ್ಕೆ ಮೂರು ಸಲ ಡಿಪ್

ನೆಲದಡಿಯಲ್ಲಿ ಪೆಟ್ರೋಲ್ ಇಟ್ಟುಕೊಂಡು ಬದುಕುವವರಿಗೆ ಒಂದು ಕಷ್ಟವಿದೆ. ತಮ್ಮ ಸೊತ್ತನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಿರುವುದಿಲ್ಲ. ಅಡಿಕೆಯಾದರೆ ಅಂಗಳದಲ್ಲಿ ಕಾಣುತ್ತದೆ, ಚಿನ್ನವಾದರೆ ಕಪಾಟು ತೆರೆದರೆ ಕಾಣುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಬೇಕಾದರೆ ಹಿತ್ತಾಳೆಯ ಉದ್ದದ ಕೋಲೊಂದನ್ನು ಕೊಳವೆಯೊಳಗೆ ಇಳಿಸಿ, ಮೇಲೆತ್ತಿ, ಒದ್ದೆಯ ಗೆರೆ ಆರಿಹೋಗುವ ಮೊದಲು ಓದಬೇಕು. ಇದಕ್ಕೆ ಡಿಪ್ ನೋಡುವುದು ಎನ್ನುತ್ತಾರೆ. ಓದುವವನು ಒಬ್ಬ, ಸೊತ್ತಿನ ಯಜಮಾನಿ ಇನ್ನೊಬ್ಬಳು. ಸಂಶಯ ಬಂದು ಕೂರಲು ಇಷ್ಟು ಜಾಗ ಸಾಕು. ಫ್ರಾಂಕ್ಲಿ ಹೇಳುತ್ತೇನೆ, ನನಗೆ ಇದರ ಅರ್ಧವೂ ಬೇಕಾಗಿರಲಿಲ್ಲ.

ಕಳೆದ ವರ್ಷ ನಾನು ಒಬ್ಬ ಮನುಷ್ಯನನ್ನು ಕಳ್ಳನೆಂದು ನಂಬಿದ್ದೆ. ಅವನನ್ನು ಹಿಡಿದು, ಪ್ರೂಫ್ ಸಮೇತ, ಕೆಲಸದಿಂದ ತೆಗೆಯಬೇಕೆಂದು ದಿನ ಎಣಿಸುತ್ತಿದ್ದೆ. ನಮ್ಮಲ್ಲಿ ಡಿಪ್ ನೋಡುತ್ತಿದ್ದವನು ಅವನೇ. ಊರು ಕಾರಡ್ಕ, ಇಪ್ಪತ್ತು ವರ್ಷಗಳಿಂದ ಮುಂಜಾನೆಯ ಮೊದಲ ಬಸ್ಸಿಗೆ ಬರುತ್ತಿದ್ದ. ಪ್ರಾಯ ಐವತ್ತು ದಾಟಿತ್ತು. ಪಂಪಿನಲ್ಲಿ ಎಲ್ಲರೂ ಅವನನ್ನು ಕಾರಡ್ಕದವನು ಎಂದೇ ಹೇಳುವುದು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನಮ್ಮ ಪಂಪು ಸೀತಾಂಗೋಳಿ ಪೇಟೆ ದಾಟಿ ಸ್ವಲ್ಪ ಮುಂದೆ, ರಸ್ತೆಯ ಎತ್ತರದ ಬದಿಯಲ್ಲಿದೆ. ಹಿಂದೆ ಗುಡ್ಡ ಇಳಿಯುತ್ತದೆ. ಇಳಿಜಾರಿನಲ್ಲಿ ಗೇರು ಮರಗಳು, ಅವುಗಳ ಕೆಳಗೆ ಒಂದೇ ಒಂದು ಹೆಂಚಿನ ಮನೆ. ಪಂಪು ಮಾಡಿದ್ದು ನನ್ನ ಗಂಡ. ಎಷ್ಟೋ ಪಂಪುಗಳಲ್ಲಿ ಟ್ಯಾಂಕ್ ಆಯಿಲ್ ಕಂಪೆನಿಯದ್ದಾಗಿರುತ್ತದೆ. ನಮ್ಮಲ್ಲಿ ಜಾಗ ನಮ್ಮದು, ಟ್ಯಾಂಕ್ ನಮ್ಮದು, ನೆಲದಡಿಯಲ್ಲಿ ಪೆಟ್ರೋಲ್ ಇಡುವ ಲೈಸೆನ್ಸೂ ನಮ್ಮ ಹೆಸರಿನಲ್ಲಿ. ಟ್ಯಾಂಕ್ ಬಂದ ದಿನ ಇನ್ನೂ ನೆನಪಿದೆ. ಮುರಕಲ್ಲು ಕಡಿದು ಮಾಡಿದ ಹೊಂಡ ಒಂದು ಸಣ್ಣ ಕೆರೆಯಷ್ಟಿತ್ತು. ಲಾರಿಯ ಮೇಲೆ ಕಪ್ಪು ಡಾಮರು ಬಳಿದುಕೊಂಡು, ಆನೆಮರಿ ಮಲಗಿದ ಹಾಗೆ ಟ್ಯಾಂಕ್ ಬಂತು. ನನ್ನ ಗಂಡ ಅದರ ಹೊಟ್ಟೆಗೆ ಬೆರಳಿನಿಂದ ತಟ್ಟಿ, "ಇದು ನಮ್ಮಿಬ್ಬರಿಗಿಂತ ಹೆಚ್ಚು ಬಾಳ್ತದೆ ಮಾರಾಯ್ತಿ" ಎಂದಿದ್ದರು. ಅವರ ಮಟ್ಟಿಗೆ ಅದು ನಿಜವಾಯಿತು. ಅವರು ಹೋಗಿ ಹನ್ನೊಂದು ವರ್ಷ.

ಅವರು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಜೊತೆಗೆ ಕಂಪೆನಿಯ ರೂಲ್ ಬುಕ್ಕೂ ಬಂತು. ದಪ್ಪದ ಇಂಗ್ಲಿಷ್ ಪುಸ್ತಕ. ನಾನು ಮಂಗಳೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದಿದವಳು. ರೂಲ್ಸ್ ಎಂದರೆ ನನಗೆ ಭಯವೂ ಇಲ್ಲ, ಬೇಸರವೂ ಇಲ್ಲ. ಸ್ಟಡಿ ಟೈಮಿನಲ್ಲಿ ಸಿಸ್ಟರ್ ಬಾಗಿಲ ಹಿಂದೆ ಚಪ್ಪಲಿ ಬಿಚ್ಚಿಟ್ಟು ನಿಲ್ಲುತ್ತಿದ್ದರು, ಯಾರು ಮಾತಾಡುತ್ತಾರೆಂದು ಕೇಳಲು. ನಾವು ಅವರನ್ನು ಬೈದುಕೊಂಡೆವು, ಆದರೆ ಕಲಿತದ್ದು ಅವರಿಂದಲೇ: ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಹಿಡಿಯಬೇಕು.

ಅದು ಪಂಪಿನಲ್ಲಿ ನನಗೆ ಬಹಳ ಬೇಗ ಉಪಯೋಗಕ್ಕೆ ಬಂತು. ಗಂಡ ಹೋದ ವರ್ಷವೇ ಒಬ್ಬ ಸೂಪರ್‌ವೈಸರ್ ಇದ್ದ. ಟ್ಯಾಂಕಿನ ಮುಚ್ಚಳವನ್ನೇ ತೆಗೆಯದೆ, ಎದುರಿನ ಚಾ ಅಂಗಡಿಯಲ್ಲಿ ಕುಳಿತು, ನಿನ್ನೆಯ ಡಿಪ್‌ನಿಂದ ನಿನ್ನೆಯ ಸೇಲ್ ಕಳೆದು ಇವತ್ತಿನ ಡಿಪ್ ಬರೆಯುತ್ತಿದ್ದ. ರಿಜಿಸ್ಟರ್ ನೋಡಿದರೆ ಅಷ್ಟು ಚಂದ ಹೊಂದುತ್ತಿತ್ತು. ಅತಿಯಾಗಿ ಹೊಂದುವುದೇ ನನಗೆ ಸಂಶಯ ತಂದದ್ದು. ಅವನನ್ನು ಕಳುಹಿಸಿದೆ. ಆ ಕೆಲಸ ಕಾರಡ್ಕದವನಿಗೆ ಬಂತು. ಜೊತೆಗೆ ಒಂದು ಹೊಸ ಆರ್ಡರ್ ಮಾಡಿದೆ: ಡಿಪ್ ನೋಡುವಾಗ ಕೋಲನ್ನು ಕೊನೆಯ ಒಂದು ಮೊಳ ಕೈಯಿಂದ ಬಿಟ್ಟುಬಿಡಬೇಕು. ಅದು ಟ್ಯಾಂಕಿನ ತಳಕ್ಕೆ ಬಡಿದು ಠಣ್ ಎನ್ನಬೇಕು. ಆ ಶಬ್ದ ಆಫೀಸಿನೊಳಗೆ ಕುಳಿತ ನನಗೆ ಕೇಳಬೇಕು. ಶಬ್ದ ಕೇಳಿದರೆ ಡಿಪ್ ನಿಜವಾಗಿ ನೋಡಿದ್ದಾನೆ, ಇಲ್ಲದಿದ್ದರೆ ಇಲ್ಲ.

ಕಾರಡ್ಕದವನಿಗೆ ಅದು ಹಿಡಿಸಲಿಲ್ಲ. "ಧಣಿಗಳು ಹಾಗೆ ಬಿಡ್ಲಿಕ್ಕೆ ಹೇಳಿದವರಲ್ಲ ಅಮ್ಮ" ಎಂದ. "ಮೆಲ್ಲ ಇಳಿಸ್ಬೇಕು, ತಳ ಮುಟ್ಟಿದ್ದು ಕೈಗೆ ಗೊತ್ತಾಗ್ತದೆ ಅಂತ ಹೇಳಿ ಕೊಟ್ಟದ್ದು."

"ನಿನ್ನ ಕೈಗೆ ಗೊತ್ತಾದ್ರೆ ನನಗೆ ಎಂತ ಪ್ರಯೋಜನ?" ಎಂದೆ. "ನನಗೆ ಗೊತ್ತಾಗುದು ಬೇಡ್ವಾ?"

ಮರುದಿನದಿಂದ ಅವನು ಕೋಲು ಬಿಡತೊಡಗಿದ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಬಂದ್ ಮಾಡುವಾಗ ಒಂದು. ರೂಲ್ ಬುಕ್ಕಿನಲ್ಲಿ ಬೆಳಿಗ್ಗೆಯದ್ದು ಮತ್ತು ಲೋಡ್ ಬಂದಾಗಿನದ್ದು ಸಾಕೆಂದಿದೆ. ಮೂರು ನನ್ನದೇ ಏರ್ಪಾಡು. ಹನ್ನೊಂದು ವರ್ಷ ಆ ಶಬ್ದ ಕೇಳುತ್ತಾ ಪತ್ರಿಕೆ ಓದಿದ್ದೇನೆ. ನಿಮಗೆ ವಿಚಿತ್ರ ಅನಿಸಬಹುದು, ಅದು ನನಗೆ ಸಮಾಧಾನ ಕೊಡುತ್ತಿತ್ತು.

ಕಳೆದ ಮಳೆಗಾಲದಲ್ಲಿ ಗ್ರಹಚಾರ ಶುರುವಾಯಿತು. ಡಿಪ್ ಕೋಲಿನ ತುದಿಗೆ ಒಂದು ಪೇಸ್ಟ್ ಹಚ್ಚಿ ಇಳಿಸುವ ಕ್ರಮವಿದೆ. ಟ್ಯಾಂಕಿನ ತಳದಲ್ಲಿ ನೀರಿದ್ದರೆ ಪೇಸ್ಟು ಕೆಂಪಾಗುತ್ತದೆ. ಮಳೆ ಜೋರಾಗಿದ್ದ ಆಟಿ ತಿಂಗಳ ಒಂದು ಬೆಳಿಗ್ಗೆ ಕಾರಡ್ಕದವನು ಕೋಲು ಹಿಡಿದುಕೊಂಡು ಆಫೀಸಿನ ಬಾಗಿಲಿಗೆ ಬಂದ. ತುದಿ ಕುಂಕುಮದ ಹಾಗೆ ಕೆಂಪಾಗಿತ್ತು.

"ನೀರು ಬಂದಿದೆ ಅಮ್ಮ."

"ಎಲ್ಲಿಂದ?"

"ಗೊತ್ತಿಲ್ಲ. ಮುಚ್ಚಳದ ಹತ್ರ ಒಣಗಿಯೇ ಉಂಟು."

ಈಗಿನ ಪೆಟ್ರೋಲಿಗೆ ಎಥನಾಲ್ ಸೇರಿಸುತ್ತಾರೆ. ಅದಕ್ಕೆ ಸ್ವಲ್ಪ ನೀರು ತಾಗಿದರೂ ಪೆಟ್ರೋಲ್ ಒಡೆದ ಹಾಲಿನ ಹಾಗೆ ಎರಡಾಗಿಬಿಡುತ್ತದೆ, ಗಾಡಿಗಳು ದಾರಿಯಲ್ಲಿ ನಿಲ್ಲುತ್ತವೆ. ಸೇಲ್ ನಿಲ್ಲಿಸಿ, ತಳದ ನೀರು ತೆಗೆಸಿದೆ. ನಾಲ್ಕು ದಿನಕ್ಕೆ ಮತ್ತೆ ಕೆಂಪು. ಮುಚ್ಚಳದ ಬಳಿ ನೀರಿಲ್ಲ, ಮ್ಯಾನ್‌ಹೋಲಿನಲ್ಲಿ ನೀರಿಲ್ಲ. ಹಾಗಾದರೆ ನೀರು ಯಾರಾದರೂ ಹೊಯ್ಯದೆ ಹೇಗೆ ಬರುತ್ತದೆ? ಪೆಟ್ರೋಲ್ ತೆಗೆದು, ಅಳತೆ ತುಂಬಿಸಲು ನೀರು ಹೊಯ್ಯುವುದು ಹೊಸ ವಿದ್ಯೆಯೇನಲ್ಲ. ಡಿಪ್ ಕೊಳವೆಗೆ ಹೊಸ ಬೀಗ ಹಾಕಿಸಿ ಕೀಲಿಕೈಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕಾರಡ್ಕದವನು ದಿನಕ್ಕೆ ಮೂರು ಸಲ ಬಂದು ಕೈ ಚಾಚುತ್ತಿದ್ದ, ನಾನು ಕೀಲಿ ಕೊಡುತ್ತಿದ್ದೆ, ಅವನು ನೋಡಿ ಹಿಂದೆ ತಂದುಕೊಡುತ್ತಿದ್ದ. ಒಂದು ಮಾತಿಲ್ಲ. ಆ ಮಾತಿಲ್ಲದ್ದೂ ನನಗೆ ಒಂದು ಎವಿಡೆನ್ಸ್ ಅನಿಸಿತು.

ಟ್ಯಾಂಕಿನೊಳಗೆ ಎಲೆಕ್ಟ್ರಾನಿಕ್ ಗೇಜೂ ಇತ್ತು. ಮಳೆಗಾಲದ ಕೊನೆಗೆ, ತುಲಾ ತಿಂಗಳ ಸಿಡಿಲಿಗೆ ಅದು ಸುಟ್ಟುಹೋಯಿತು. ನಮ್ಮ ಕಡೆ ಸಿಡಿಲಿಗೆ ಟಿವಿ, ಫ್ರಿಜ್ಜು ಹೋಗುವುದು ಹೊಸತಲ್ಲ; ಆದರೆ ಅದೇ ಸಮಯದಲ್ಲಿ ಅದೂ ಹೋಗಬೇಕೇ? ರಿಪೇರಿಗೆ ಹೇಳಿದೆ, ನಾಳೆ ಬರುತ್ತೇವೆ ಎಂದವರು ಬರಲಿಲ್ಲ. ಯಾರಾದರೂ ಬೇಕೆಂದೇ ವಯರ್ ಎಳೆದಿರಬಹುದೇ ಎಂದು ಟಾರ್ಚ್ ಹಿಡಿದು ನಾನೇ ಬಗ್ಗಿ ನೋಡಿದ್ದೇನೆ, ಈ ಸೊಂಟ ಇಟ್ಟುಕೊಂಡು.

ಮಳೆ ಬಿಟ್ಟ ಮೇಲೆ ಕೆಂಪು ನಿಂತಿತು. ಅದರ ಬದಲು ಪೆಟ್ರೋಲ್ ಕಡಿಮೆಯಾಗತೊಡಗಿತು. ಪೆಟ್ರೋಲ್ ಎಂದ ಮೇಲೆ ಸ್ವಲ್ಪ ಆವಿಯಾಗಿ ಹೋಗುತ್ತದೆ, ಅದಕ್ಕೊಂದು ಲಿಮಿಟ್ ಪುಸ್ತಕದಲ್ಲೇ ಇದೆ. ಈ ಕೊರತೆ ಲಿಮಿಟ್ ದಾಟಿತು. ದಾಟಿದರೆ ಏನು ಮಾಡಬೇಕೆಂಬುದೂ ಅಲ್ಲೇ ಇದೆ: ಕಂಪೆನಿಗೆ ಬರೆದು ತಿಳಿಸಬೇಕು, ಆ ಟ್ಯಾಂಕಿನ ಸೇಲ್ ನಿಲ್ಲಿಸಬೇಕು, ಪ್ರೆಶರ್ ಹಾಕಿ ಟೆಸ್ಟ್ ಮಾಡಿಸಬೇಕು. ನಾನು ಓದಿದ್ದೆ. ಆದರೆ ಬರೆಯಲಿಲ್ಲ. ಟ್ಯಾಂಕ್ ಬಂದ್ ಮಾಡಿದರೆ ಕಳ್ಳ ಎಚ್ಚರವಾಗುತ್ತಾನಲ್ಲ? ಅವನನ್ನು ಹಿಡಿಯುವ ತನಕ ಎಲ್ಲ ಎಂದಿನ ಹಾಗೆ ನಡೆಯಬೇಕು. ಇದು ನನ್ನ ಲೆಕ್ಕಾಚಾರ.

ಬರೆಯಿರಿ ಎಂದವನು ಕಾರಡ್ಕದವನೇ.

"ಅಮ್ಮ, ನನಗೆ ಟ್ಯಾಂಕಿನದ್ದೇ ಸಂಶಯ. ಮಳೆಗಾಲದಲ್ಲಿ ಸುತ್ತ ನೀರು ನಿಲ್ತದೆ, ಅದು ಒಳಗೆ ಬರ್ತದೆ. ಈಗ ಮಣ್ಣು ಒಣಗಿತು, ಒಳಗಿದ್ದದ್ದು ಹೊರಗೆ ಹೋಗ್ತದೆ. ತೂತು ಒಂದೇ. ಕಂಪೆನಿಗೆ ಒಂದು ಲೆಟರ್ ಬರೀರಿ."

"ನೀನು ಯಾವಾಗ ಎಂಜಿನಿಯರ್ ಆದದ್ದು?"

"ನನ್ನ ಅಪ್ಪ ನೀರಿಗೆ ಸುರಂಗ ತೋಡುವವ ಅಲ್ವಾ? ಮುರಕಲ್ಲಿನಲ್ಲಿ ನೀರು ಹೇಗೆ ನಡೀತದೆ ಅಂತ ನಾನು ನೋಡಿದ್ದೇನೆ."

"ಇನ್ನೊಮ್ಮೆ ಟ್ಯಾಂಕ್ ಸೋರ್ತದೆ ಅಂತ ಹೇಳಿದ್ರೆ ಸೋರುದು ನಿನ್ನ ಕೆಲಸ" ಎಂದೆ. ಪಂಪಿನಲ್ಲಿದ್ದ ಉಳಿದ ಮೂವರೂ ಕೇಳಿಸಿಕೊಂಡರು. ಅವರಲ್ಲಿ ಒಬ್ಬಳಿಗೆ ನಾನು ಮೊದಲೇ ಹೇಳಿದ್ದೆ, ಅವನ ಮೇಲೆ ಒಂದು ಕಣ್ಣಿಡು ಎಂದು. ಒಬ್ಬರಿಗೆ ಹೇಳಿದರೆ ಮೂವರಿಗೂ ಹೇಳಿದ ಹಾಗೆ. ಮರುದಿನದಿಂದ ಅವನು ಬುತ್ತಿಯನ್ನು ಅವರ ಜೊತೆ ಕುಳಿತು ಉಣ್ಣುವುದನ್ನು ಬಿಟ್ಟು, ಏರ್ ಕಂಪ್ರೆಸರಿನ ಹಿಂದೆ ಒಬ್ಬನೇ ಉಣ್ಣತೊಡಗಿದ.

ಧನು ತಿಂಗಳಲ್ಲಿ ಕೆಳಮನೆಯಾಕೆ ಬಂದಳು. ಇಳಿಜಾರಿನ ಹೆಂಚಿನ ಮನೆಯವಳು. ಗಂಡ ಹೆಂಡತಿ ಇಬ್ಬರೇ, ಅವಳು ಬೀಡಿ ಕಟ್ಟುತ್ತಾಳೆ, ಅವನು ಕೂಲಿಗೆ ಹೋಗುತ್ತಾನೆ. ಅವರಿಗೆ ಬಾವಿ ಇಲ್ಲ, ಸುರಂಗ. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳಬೇಕು: ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಆಳು ಬಗ್ಗಿ ಹೋಗುವಷ್ಟು ತೋಡುತ್ತಾ ಹೋದರೆ ಒಳಗಿನ ಕಲ್ಲಿನಿಂದ ನೀರು ಜಿನುಗುತ್ತದೆ, ಅದು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅಂಗಳದ ತೊಟ್ಟಿಗೆ ಬೀಳುತ್ತದೆ. ಅವರ ಸುರಂಗ ನಮ್ಮ ಪಂಪಿನ ಕಡೆಗೇ ಹೋಗಿದೆ. ಅವಳ ಕೈಯಲ್ಲಿ ಒಂದು ಜ್ಯೂಸ್ ಬಾಟ್ಲಿ ಇತ್ತು.

"ಮೂಸಿ ನೋಡಿ ಅಕ್ಕ."

ಮೂಸಿದೆ. ಪೆಟ್ರೋಲ್ ವಾಸನೆ ಇತ್ತು. ಆದರೆ ನಾನು ಇಡೀ ದಿನ ಪೆಟ್ರೋಲ್ ವಾಸನೆಯಲ್ಲೇ ಕೂರುವವಳು. ಇಲ್ಲಿ ಯಾವುದು ಮೂಸಿದರೂ ಅದೇ ಬರುತ್ತದೆ ಎಂದುಕೊಂಡೆ.

"ಇದು ಎಂತ?"

"ನಮ್ಮ ಸುರಂಗದ ನೀರು. ಹದಿನೈದು ದಿನ ಆಯ್ತು. ಅನ್ನ ಬೇಯಿಸಿದ್ರೆ ಅನ್ನಕ್ಕೂ ವಾಸನೆ. ದನ ಕೂಡ ಮೂತಿ ತಿರುಗಿಸ್ತದೆ."

"ಬಾಟ್ಲಿಯಲ್ಲಿ ಮೊದಲು ಎಂತ ಇತ್ತು?"

"ಮಾವಿನ ಜ್ಯೂಸ್ ಅಕ್ಕ" ಎಂದಳು. "ಮಾವಿನ ಹಣ್ಣಿಗೆ ಈ ವಾಸನೆ ಬರುದಿಲ್ಲ."

ಆ ವರ್ಷವೇ ಪೇಟೆಯ ಇನ್ನೊಂದು ತುದಿಯಲ್ಲಿ ಯಾರೋ ಹೊಸ ಪಂಪಿಗೆಂದು ಜಾಗ ನೋಡಿಹೋಗಿದ್ದರು. ನೀರು ಕೆಟ್ಟಿತು ಎಂದು ಪಂಚಾಯತಿನಲ್ಲಿ ಒಂದು ಕಂಪ್ಲೇಂಟ್ ಬಿದ್ದರೆ ನಮ್ಮ ಪಂಪಿಗೆ ಬೀಗ, ಅವರಿಗೆ ದಾರಿ ಸಲೀಸು. ಇವಳನ್ನು ಯಾರೋ ಕಳುಹಿಸಿದ್ದಾರೆ ಎಂದು ನನಗೆ ಅನಿಸಿತು. ನೋಡುತ್ತೇನೆ ಎಂದು ಹೇಳಿ ಕಳುಹಿಸಿದೆ. ಬಾಟ್ಲಿಯನ್ನು ಮೇಜಿನ ಕೆಳಗಿಟ್ಟೆ. ಸಂಜೆ ಅದನ್ನು ಮತ್ತೆ ಮೂಸಬೇಕೆಂದುಕೊಂಡೆ, ಮೂಸಲಿಲ್ಲ. ಮೂಸಿದರೆ ಬರೆಯಬೇಕಾಗುತ್ತದೆ ಎಂದು ಒಳಗೆಲ್ಲೋ ಗೊತ್ತಿತ್ತು ಎಂದು ಈಗ ಅನಿಸುತ್ತದೆ.

ಅದಾಗಿ ಒಂದು ವಾರದಲ್ಲಿ ನನಗೆ ಬೇಕಾಗಿದ್ದ ಪ್ರೂಫ್ ಸಿಕ್ಕಿತು. ಸಂಜೆ ನಾಲ್ಕರ ಹೊತ್ತಿಗೆ ಕಾರಡ್ಕದವನು ಇಪ್ಪತ್ತು ಲೀಟರಿನ ಕ್ಯಾನ್ ಹೆಗಲಿಗೆ ಹಾಕಿಕೊಂಡು, ಪಂಪಿನ ಹಿಂದಿನಿಂದ ಗೇರು ಮರಗಳ ನಡುವೆ ಕೆಳಗೆ ಇಳಿದು ಹೋಗುವುದು ಆಫೀಸಿನ ಹಿಂದಿನ ಕಿಟಕಿಯಿಂದ ಕಂಡಿತು. ಮರುದಿನವೂ ಕಂಡಿತು. ಮೂರನೆಯ ದಿನವೂ. ಹಾಗಾದರೆ ಕೆಳಮನೆಯವರೂ ಇದರಲ್ಲಿ ಪಾಲುದಾರರು. ಪೆಟ್ರೋಲ್ ಅಲ್ಲಿ ಇಡುವುದು, ವಾಸನೆ ಬಂದರೆ ಸುರಂಗದ ಮೇಲೆ ಹಾಕುವುದು, ತಪ್ಪು ಟ್ಯಾಂಕಿನ ತಲೆಗೆ ಕಟ್ಟುವುದು. ಎಲ್ಲ ತುಂಡುಗಳೂ ಎಷ್ಟು ನೀಟಾಗಿ ಸೇರಿಕೊಂಡವು ಎಂದರೆ ನನ್ನ ಮೇಲೆ ನನಗೇ ಮೆಚ್ಚುಗೆಯಾಯಿತು. ಅತಿಯಾಗಿ ಹೊಂದಿದರೆ ಸಂಶಯಪಡಬೇಕೆಂಬುದನ್ನು ಆ ದಿನ ಮರೆತಿದ್ದೆ.

ನಾಲ್ಕನೆಯ ದಿನ ಕೊಡೆ ಊರಿಕೊಂಡು ನಾನೂ ಇಳಿದೆ. ಆ ಇಳಿಜಾರಿನಲ್ಲಿ ಕಾಲಿಡದೆ ವರ್ಷಗಳಾಗಿದ್ದವು. ತರಗೆಲೆ ಜಾರುತ್ತಿತ್ತು. ಗೇರು ಹೂವಿನ ವಾಸನೆಗೆ ಒಂದು ಕ್ಷಣ ಹಳೆಯದೆಲ್ಲ ನೆನಪಾಯಿತು. ಮದುವೆಯಾದ ಹೊಸತರಲ್ಲಿ ನಾವಿಬ್ಬರು ಇಲ್ಲಿ ಗೇರುಬೀಜ ಹೆಕ್ಕಲು ಬರುತ್ತಿದ್ದೆವು. ನಿಂತರೆ ಹಿಂದೆ ತಿರುಗಿಬಿಡುತ್ತೇನೆ ಎಂದು ನಿಲ್ಲದೆ ಹೋದೆ.

ಸುರಂಗದ ಬಾಯಿಯ ಹತ್ತಿರ ಜಗಳ ನಡೆಯುತ್ತಿತ್ತು. ಕೆಳಮನೆಯಾಕೆಯ ಗಂಡ ಸೊಂಟಕ್ಕೆ ಬೈರಾಸು ಸುತ್ತಿಕೊಂಡು, ಒಂದು ಕೈಯಲ್ಲಿ ಹಾರೆ, ಇನ್ನೊಂದರಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದ. ಒಳಗೆ ಹೋಗಿ ಕೆಸರು ಬಳಿದು ತೆಗೆದರೆ ವಾಸನೆ ಹೋಗಬಹುದೆಂದು ಅವನ ಯೋಚನೆ. ಸುರಂಗಕ್ಕೆ ಇಳಿಯುವವರು ಮೇಣದ ಬತ್ತಿ ಉರಿಸಿ ಮುಂದೆ ಹಿಡಿದುಕೊಂಡೇ ಹೋಗುವುದು. ಬತ್ತಿ ನಂದಿದರೆ ಉಸಿರಾಡಲು ಗಾಳಿ ಇಲ್ಲ ಎಂದರ್ಥ, ಹಿಂದೆ ಬರಬೇಕು. ಅಜ್ಜಂದಿರ ಕಾಲದಿಂದ ಬಂದ ಕ್ರಮ. ಕಾರಡ್ಕದವನು ಅವನ ಎದುರು ಸುರಂಗದ ಬಾಯಿಗೆ ಅಡ್ಡ ನಿಂತಿದ್ದ. ಕ್ಯಾನ್ ಕಲ್ಲಿನ ಮೇಲಿತ್ತು.

"ಬೆಂಕಿಪೆಟ್ಟಿಗೆ ಕೊಡು" ಎಂದು ಕಾರಡ್ಕದವನು ಕೈ ಚಾಚಿದ.

"ಬತ್ತಿ ಇಲ್ಲದೆ ಒಳಗೆ ಗಾಳಿ ಉಂಟಾ ಇಲ್ವಾ ಅಂತ ಗೊತ್ತಾಗುದು ಹೇಗೆ ಮಾರಾಯ? ನಿನ್ನ ಅಪ್ಪ ಬತ್ತಿ ಇಲ್ಲದೆ ಇಳಿದಿದ್ದಾನಾ?"

"ನನ್ನ ಅಪ್ಪನ ಕಾಲದಲ್ಲಿ ಮೇಲೆ ಪಂಪು ಇರ್ಲಿಲ್ಲ. ಇದರೊಳಗೆ ಈಗ ಇರುದು ಗಾಳಿ ಅಲ್ಲ. ನೀನು ಕಡ್ಡಿ ಗೀರಿದ್ರೆ ನಿನ್ನ ಮನೆಯ ಹೆಂಚು ಕೂಡ ಸಿಕ್ಲಿಕ್ಕಿಲ್ಲ."

ನಾನು ಯಾರನ್ನೂ ಮಾತಾಡಿಸದೆ ನೇರ ಕ್ಯಾನಿನ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದೆ. ಮೂವರೂ ನನ್ನನ್ನೇ ನೋಡುತ್ತಿದ್ದರು. ಮೂಗು ತಗ್ಗಿಸಿ ಮೂಸಿದೆ. ಏನೂ ಬರಲಿಲ್ಲ. ಅಂಗೈಗೆ ಸ್ವಲ್ಪ ಹೊಯ್ದು ನಾಲಗೆಗೆ ಮುಟ್ಟಿಸಿದೆ. ನೀರು. ಸ್ವಲ್ಪ ತುಕ್ಕಿನ ರುಚಿ ಇರುವ, ನಮ್ಮ ಪಂಪಿನ ಬೋರ್‌ವೆಲ್ಲಿನ ನೀರು.

"ಕುಡೀಲಿಕ್ಕೆ ಬೇಕಲ್ಲ ಅಕ್ಕ" ಎಂದಳು ಕೆಳಮನೆಯಾಕೆ. "ನೀವು ನೋಡ್ತೇನೆ ಅಂದ್ರಿ. ಇವರು ತಂದು ಕೊಟ್ರು."

ಕಾರಡ್ಕದವನು ನನ್ನ ಕಡೆ ನೋಡಲಿಲ್ಲ. ಅವನ ಗಮನವೆಲ್ಲ ಆ ಬೆಂಕಿಪೆಟ್ಟಿಗೆಯ ಮೇಲೆ. ನಾನು ಸುರಂಗದ ಬಾಯಿಗೆ ಹೋದೆ. ಒಳಗಿನಿಂದ ತಣ್ಣಗಿನ ಉಸಿರಿನ ಹಾಗೆ ಅದು ಮುಖಕ್ಕೆ ಬಡಿಯಿತು. ಈಗ ನೆಪ ಹೇಳಲು ಪಂಪಿನ ವಾಸನೆ ಸುತ್ತ ಇರಲಿಲ್ಲ. ಗೇರು ಹೂವಿನ ನಡುವೆ, ಒದ್ದೆ ಕಲ್ಲಿನ ಒಳಗಿನಿಂದ, ನನ್ನ ಟ್ಯಾಂಕಿನ ಪೆಟ್ರೋಲ್. ನಲವತ್ತು ವರ್ಷ ಆ ವಾಸನೆಯ ಅನ್ನ ಉಂಡವಳಿಗೆ ಗುರುತು ತಪ್ಪುವುದಿಲ್ಲ. ಕೆಳಮನೆಯಾಕೆ ಒಂದು ಮಣೆ ತಂದು ಹಾಕಿದಳು.

"ಬೆಂಕಿಪೆಟ್ಟಿಗೆ ಅವನಿಗೆ ಕೊಡಿ" ಎಂದು ಅವಳ ಗಂಡನಿಗೆ ಹೇಳಿದೆ. ನಾನು ಹೇಳಿದ ಮೇಲೆ ಅವನು ಕೊಟ್ಟ. ಅಪ್ಪನಿಂದ ಸುರಂಗದ ವಿದ್ಯೆ ಬಲ್ಲವನ ಮಾತಿಗೆ ಕೊಡದವನು, ಏನೂ ತಿಳಿಯದ ನನ್ನ ಮಾತಿಗೆ ಕೊಟ್ಟ. ಅದೂ ನನಗೆ ಚುಚ್ಚಿತು. ಒಲೆ ಉರಿಸಬೇಡಿ, ಇವತ್ತು ಊಟ ನಮ್ಮಲ್ಲಿಂದ ಬರುತ್ತದೆ ಎಂದೆ. ಅಲ್ಲೇ ಮಣೆಯ ಮೇಲೆ ಕುಳಿತು ಪಂಪಿಗೆ ಫೋನ್ ಮಾಡಿ ಪೆಟ್ರೋಲ್ ಸೇಲ್ ನಿಲ್ಲಿಸಲು ಹೇಳಿದೆ, ಆಮೇಲೆ ಕಂಪೆನಿಗೆ, ಆಮೇಲೆ ಫೈರ್ ಸ್ಟೇಷನ್ನಿಗೆ. ತಿಂಗಳುಗಟ್ಟಲೆ ಬರೆಯದ್ದನ್ನು ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದೆ.

ಟೆಸ್ಟಿಗೆ ಕಂಪೆನಿಯಿಂದ ಬಂದ ಎಂಜಿನಿಯರ್ ಒಬ್ಬಳು ಚಿಕ್ಕ ಪ್ರಾಯದ ಮಲಯಾಳಿ ಹುಡುಗಿ. ಅವಳಿಗೆ ಕನ್ನಡವಿಲ್ಲ, ನನ್ನ ಮಲಯಾಳ ಬಸ್ಸಿನ ಬೋರ್ಡ್ ಓದುವಷ್ಟು. ನಾವು ಇಂಗ್ಲಿಷಿನಲ್ಲಿ ಮಾತಾಡಿಕೊಂಡೆವು. ಟ್ಯಾಂಕ್ ಪ್ರೆಶರ್ ಹಿಡಿಯಲಿಲ್ಲ. ಉಳಿದ ಪೆಟ್ರೋಲ್ ಖಾಲಿ ಮಾಡಿ, ಒಳಗಿನ ಆವಿ ಹೊರಹಾಕಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡವರು ಇಳಿದು ತೊಳೆದರು. ನಂತರ ಅವಳು ನನ್ನನ್ನು ಮ್ಯಾನ್‌ಹೋಲಿನ ಹತ್ತಿರ ಕರೆದು ಫೋನಿನಲ್ಲಿ ಫೋಟೋ ತೋರಿಸಿದಳು. ಟ್ಯಾಂಕಿನ ಹೊಟ್ಟೆ ಎಲ್ಲ ಕಡೆ ಗಟ್ಟಿ ಇತ್ತು. ಒಂದೇ ಕಡೆ ತಳ ಬಟ್ಟಲಿನ ಹಾಗೆ ತಗ್ಗಾಗಿ, ಸವೆದು, ನಡುವೆ ಕಡಲೆಕಾಳಿನಷ್ಟು ತೂತು.

"ಇದರ ನೇರ ಮೇಲೆ ಏನಿದೆ ಗೊತ್ತಾ ಮ್ಯಾಡಮ್?" ಎಂದು ಕೇಳಿದಳು.

ನೇರ ಮೇಲೆ ಇದ್ದದ್ದು ಡಿಪ್ ಕೊಳವೆ.

ಹೊಸ ಟ್ಯಾಂಕುಗಳಲ್ಲಿ ಡಿಪ್ ಕೋಲು ತಾಗುವಲ್ಲಿ ಒಂದು ದಪ್ಪ ತಗಡು ಬೆಸೆದಿರುತ್ತಾರಂತೆ. ನಮ್ಮ ಹಳೆಯ ಟ್ಯಾಂಕಿಗೆ ಅದಿರಲಿಲ್ಲ. ಮೆಲ್ಲನೆ ಇಳಿಸಿದರೆ ಹಾಗೂ ಹೀಗೂ ಬಾಳುತ್ತದೆ, ಆದರೆ ಯಾರೋ ವರ್ಷಗಟ್ಟಲೆ ಕೋಲನ್ನು ಎತ್ತಿ ಬಿಟ್ಟಿದ್ದಾರೆ, ಅದೂ ದಿನಕ್ಕೊಮ್ಮೆ ಅಲ್ಲ, ಎಂದಳು. ಪ್ರತಿ ಸಲ ಬಡಿದಾಗಲೂ ಆ ಜಾಗದ ಕಬ್ಬಿಣ ಹೊಸದಾಗಿ ತೆರೆದುಕೊಳ್ಳುತ್ತದೆ, ಹೊಸದಾಗಿ ತುಕ್ಕು ಹಿಡಿಯುತ್ತದೆ. ದಿನಕ್ಕೆ ಮೂರರಂತೆ ಹನ್ನೊಂದು ವರ್ಷ ನಾನು ಆಫೀಸಿನಲ್ಲಿ ಪತ್ರಿಕೆ ಹಿಡಿದು ಕೇಳುತ್ತಿದ್ದದ್ದು, ಟ್ಯಾಂಕ್ ತೂತಾಗುವ ಶಬ್ದವನ್ನೇ. ಕಳ್ಳನನ್ನು ಹಿಡಿಯಲು ಇಟ್ಟ ಕಾವಲು ಕಳ್ಳತನ ಮಾಡಿತ್ತು.

ಎಂಜಿನಿಯರ್ ಹುಡುಗಿ ಒಳ್ಳೆಯವಳು. ಒಳ್ಳೆಯವಳಾದ್ದರಿಂದಲೇ ಮೆಲ್ಲನೆ ಒಂದು ದಾರಿ ಹೇಳಿಕೊಟ್ಟಳು. ರಿಪೋರ್ಟಿನಲ್ಲಿ ಕಾರಣ ನಾನೇ ಬರೆದು ಕೊಡಬೇಕು. ಡಿಪ್ ನೋಡುವವನ ಅಜಾಗರೂಕತೆ ಎಂದು ಬರೆದರೆ, ಅವನನ್ನು ತೆಗೆದಿದ್ದೇವೆ ಎಂದು ಸೇರಿಸಿದರೆ, ಲೈಸೆನ್ಸಿನ ವಿಷಯ ಬೇಗ ಮುಗಿಯುತ್ತದೆ. ಯೂಶುವಲಿ ಹಾಗೆಯೇ ಬರೆಯುತ್ತಾರೆ ಎಂದಳು. ನಾನು ಥ್ಯಾಂಕ್ಯೂ ಎಂದೆ. ಆ ರಾತ್ರಿ ಆ ದಾರಿಯ ಬಗ್ಗೆ ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ. ಕೋಲು ಬಿಟ್ಟದ್ದು ಅವನ ಕೈ ತಾನೇ ಎಂಬಲ್ಲಿಯ ತನಕ ಯೋಚಿಸಿದೆ.

ಬೆಳಿಗ್ಗೆ ಅವನು ಎಂದಿನ ಬಸ್ಸಿಗೇ ಬಂದ. ನೋಡಲು ಡಿಪ್ ಇರಲಿಲ್ಲ. ಆಫೀಸಿನ ಬಾಗಿಲಲ್ಲಿ ನಿಂತ. ನಾನು ಕುಳಿತುಕೊ ಎಂದೆ, ಕೂರಲಿಲ್ಲ.

"ರಿಪೋರ್ಟಿನಲ್ಲಿ ನನ್ನ ಹೆಸರು ಉಂಟಾ ಅಮ್ಮ?"

ನಾನು ಬರೆದಿಟ್ಟದ್ದನ್ನು ತೆಗೆದು ಕನ್ನಡದಲ್ಲಿ ಹೇಳುತ್ತಾ ಓದಿದೆ. ಡಿಪ್ ಕೋಲನ್ನು ಬಿಡಲು ಮಾಲಕಿಯೇ ಆರ್ಡರ್ ಮಾಡಿದ್ದು, ಮೂರು ಸಲ ನೋಡಲು ಹೇಳಿದ್ದೂ ಮಾಲಕಿ, ನೌಕರ ಬೇಡವೆಂದಿದ್ದ. ಕೊರತೆ ಲಿಮಿಟ್ ದಾಟಿದರೂ ತಿಳಿಸದೆ ಇದ್ದದ್ದು ಮಾಲಕಿ, ಯಾಕೆಂದರೆ ಅವಳಿಗೆ ನೌಕರನ ಮೇಲೆ ಕಳ್ಳತನದ ಸಂಶಯವಿತ್ತು.

ಅಲ್ಲಿ ಅವನು ಕೈ ಎತ್ತಿದ.

"ಅದು ಬೇಕಾ?"

"ಯಾಕೆ ತಿಳಿಸ್ಲಿಲ್ಲ ಅಂತ ಅವರು ಕೇಳ್ತಾರೆ. ಬೇರೆ ಕಾರಣ ಇಲ್ಲ, ಎಂತ ಬರೀಲಿ?"

"ಹಾಗಾದ್ರೆ ಇರ್ಲಿ. ಅದರ ಕೆಳಗೆ ಅದು ಸುಳ್ಳು ಅಂತಲೂ ಬರೀರಿ. ಇಂಗ್ಲಿಷಿನಲ್ಲಿ ಬೇಡ, ಓದ್ಲಿಕ್ಕೆ ಆಗುವ ಹಾಗೆ ಬರೀರಿ. ಒಂದು ಕಾಪಿ ನನಗೆ. ಇನ್ನೊಂದು ಅಲ್ಲಿ ಅಂಟಿಸ್ಬೇಕು." ಬೆರಳು ತೋರಿಸಿದ್ದು ನೌಕರರು ಊಟ ಮಾಡುವ ಕೋಣೆಯ ಕಡೆಗೆ.

ಬರೆದೆ. ಬೋರ್ಡಿಂಗಿನಲ್ಲಿ ಕನ್ನಡ ಅಕ್ಷರಕ್ಕೆ ಬೆಲೆ ಇರಲಿಲ್ಲ, ನನ್ನದು ಈಗಲೂ ಮಗುವಿನ ಅಕ್ಷರ. ಅವನನ್ನು ಸಂಶಯಿಸಿದ್ದು ನಾನು ಒಬ್ಬಳೇ, ಅದಕ್ಕೆ ಆಧಾರ ಇರಲಿಲ್ಲ, ಅದು ಸುಳ್ಳು. ಕೆಳಗೆ ಸಹಿ. ಅವನು ಒಂದೊಂದೇ ಪದ ಓದಿ, ಮಡಚಿ ಅಂಗಿಯ ಕಿಸೆಗೆ ಹಾಕಿದ. ಇನ್ನೊಂದನ್ನು ತಾನೇ ಅಂಟಿಸಿ ಬಂದ. ಕ್ಷಮಿಸು ಎಂಬ ಮಾತು ನನ್ನ ಬಾಯಲ್ಲಿತ್ತು. ಅವನು ಅದಕ್ಕೆ ಕಾಯದೆ ಬಸ್ಸಿಗೆ ಹೋದ.

ಪಂಪು ಐದು ತಿಂಗಳು ಮುಚ್ಚಿತ್ತು. ಹಳೆಯ ಟ್ಯಾಂಕ್ ಎತ್ತಿಸಿ, ಕೆಟ್ಟ ಮಣ್ಣು ತೆಗೆಸಿ, ಹೊಸದನ್ನು ಇಳಿಸಿದೆವು. ಕೆಳಮನೆಗೆ ದಿನವೂ ನಾವೇ ನೀರು ಮುಟ್ಟಿಸುತ್ತೇವೆ. ಸುರಂಗದ ಬಾಯಿಗೆ ಹಲಗೆ ಬಡಿದಿದೆ. ಕಲ್ಲಿನಲ್ಲಿ ನಿಂತದ್ದು ತೊಳೆದುಹೋಗಲು ಎರಡು ಮಳೆಗಾಲವಾದರೂ ಬೇಕೆಂದು ಹೇಳುತ್ತಾರೆ. ಕೆಳಮನೆಯಾಕೆ ಕ್ಯಾನ್ ತೆಗೆದುಕೊಳ್ಳುವಾಗ ಪ್ರತಿದಿನ ಮುಚ್ಚಳ ತೆಗೆದು ಮೂಸುತ್ತಾಳೆ. ನನ್ನೆದುರಿಗೇ ಮೂಸುತ್ತಾಳೆ.

ಪಂಪು ತೆರೆಯುವ ಮೊದಲು ಕಾರಡ್ಕದವನಿಗೆ ಫೋನ್ ಮಾಡಿದೆ. ಬರುತ್ತೇನೆ, ಆದರೆ ಒಬ್ಬನೇ ಡಿಪ್ ನೋಡುವುದಿಲ್ಲ, ನೀವೂ ಹತ್ತಿರ ನಿಂತು ನೋಡಬೇಕು, ಇಬ್ಬರೂ ಸಹಿ ಹಾಕಬೇಕು ಎಂದ. ಎಪ್ಪತ್ತನಾಲ್ಕು ವರ್ಷದವಳು ಬೆಳಿಗ್ಗೆ ಆರಕ್ಕೆ ಅಲ್ಲಿ ನಿಲ್ಲುವುದು ಹೇಗೆ ಎಂದೆ. "ಹಾಗಾದ್ರೆ ಬೇರೆ ಜನ ನೋಡಿ ಅಮ್ಮ" ಎಂದ. ಸ್ವರದಲ್ಲಿ ಸಿಟ್ಟಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಶಾಲು ಹೊದ್ದುಕೊಂಡು ಟ್ಯಾಂಕಿನ ಪಕ್ಕ ನಿಲ್ಲುತ್ತೇನೆ. ಅವನು ಕೋಲನ್ನು ಎತ್ತಿ ಒದ್ದೆಯ ಗೆರೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾನೆ. ಮೊದಲು ನಾನು ಓದಬೇಕು. ಕನ್ನಡಕ ಸರಿಮಾಡಿಕೊಂಡು ಓದಿ ಹೇಳುತ್ತೇನೆ, ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕುತ್ತೇನೆ. ನನ್ನ ಸಹಿಯ ಶಾಯಿ ಆರುವ ತನಕ ಅವನು ತಾನು ಓದಿದ್ದನ್ನು ಹೇಳುವುದಿಲ್ಲ.